ಬಣ್ಣದ ಗೆಂಡೆಯ ಮರಿ ಸಾಕುವುದು ಹೇಗೆ?

ಗೆಳೆಯರೇ, ಪೇಟೆಯ ಅಂಗಡಿಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಂಪು-ಬಿಳಿ ಮೀನು ಆಡುವುದನ್ನು ನೀವು ನೋಡಿರಬಹುದು. ಅದರ ಹೆಸರು ಕೋಯಿ. ಅದು ನಮ್ಮ ಕೆರೆಯ ಸಾಮಾನ್ಯ ಗೆಂಡೆಯ ಬಳಗದ್ದೇ. ಜಪಾನಿನ ನೀಗಾಟ ಸೀಮೆಯ ರೈತರು ಊಟಕ್ಕೆಂದು ಗೆಂಡೆ ಸಾಕುತ್ತಿದ್ದರು. ಸುಮಾರು 200 ವರ್ಷಗಳ ಹಿಂದೆ ಅವುಗಳಲ್ಲಿ ಬಣ್ಣದವು ಕಂಡವು. ಅವನ್ನೇ ಆರಿಸಿ ಮರಿ ಮಾಡಿಸಿದರು. 1914ರಲ್ಲಿ ಟೋಕಿಯೊ ಪ್ರದರ್ಶನಕ್ಕೆ ಬಂದ ಮೇಲೆ ಇವು ಹೆಸರಾದವು.

ನಮ್ಮ ಕಾಕಾ ಮೂರು ವರ್ಷದ ಹಿಂದೆ ಗದಗಿನಿಂದ ಆರು ಮರಿ ತಂದಿದ್ದರು. ಈಗ ಅವು ಮೊಳದಷ್ಟು ಆಗ್ಯಾವ.

ತತ್ತಿ ಇಡಿಸುವುದು

ರೋಹು, ಕಾಟ್ಲಾ ಮೀನುಗಳು ಹರಿಯುವ ಹೊಳೆಯಲ್ಲಿ ತತ್ತಿ ಇಡುತ್ತವೆ. ನಿಂತ ನೀರಿನಲ್ಲಿ ಇಡಿಸಬೇಕಾದರೆ ಸೂಜಿಮದ್ದು ಬೇಕು. ಈ ದಾರಿಯನ್ನು 1957ರಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ತೋರಿಸಿದರು. ಗೆಂಡೆಗೆ ಅದರ ಅವಶ್ಯಕತೆ ಇಲ್ಲ, ನಿಂತ ನೀರೇ ಸಾಕು. ಆದರೆ ಅದರ ತತ್ತಿ ಅಂಟು ಅಂಟು ಇರುವುದರಿಂದ ಅಂಟಿಕೊಳ್ಳಲು ಏನಾದರೂ ಬೇಕು. ಕೆರೆಯಲ್ಲಿ ಜೊಂಡು, ಅಂತರಗಂಗೆಯ ಬೇರು ಇರುತ್ತವೆ. ನಾನು ಅಕ್ಕಿ ಚೀಲದ ದಾರ ಬಿಚ್ಚಿ, ತೊಳೆದು, ಕೋಲಿಗೆ ಕಟ್ಟಿ ತೇಲಿಬಿಟ್ಟೆ.

ಗಂಡಿನ ಕಿವಿರಿನ ಮುಚ್ಚಳದ ಮೇಲೆ ಬಿಳಿ ಚುಕ್ಕಿ ಏಳುತ್ತವೆ, ಮುಟ್ಟಿದರೆ ಒರಟು. ಹೆಣ್ಣಿನ ಹೊಟ್ಟೆ ದುಂಡಗೆ, ಮೆತ್ತಗೆ ಇರುತ್ತದೆ. ಒಂದು ಹೆಣ್ಣು, ಎರಡು ಗಂಡು ಬಿಡಬೇಕು.

ಎತ್ತು ಮಾರಿದ ಮೇಲೆ ನಮ್ಮ ದನದ ಟಾಕಿ ಖಾಲಿ ಬಿದ್ದಿತ್ತು. ಅವ್ವ, “ಕುಡಿಯೂ ನೀರು ಎಂಟು ದಿನಕ್ಕೊಮ್ಮೆ ಬರತೈತಿ, ನಿನ್ನ ಮೀನಿಗೆ ಎಲ್ಲಿಂದ ತರಲಿ?” ಎಂದಳು. ಟಾಕಿಯಿಂದ ತೆಗೆದ ನೀರನ್ನು ಕರಿಬೇವಿಗೆ, ಮೆಂತ್ಯ ಮಡಿಗೆ ಹಾಕುತ್ತೇನೆ ಎಂದು ಮಾತು ಕೊಟ್ಟ ಮೇಲೆ ಒಪ್ಪಿದಳು. ನಳದ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಎರಡು ದಿನ ತೆರೆದಿಟ್ಟು ಆಮೇಲೆ ಬಳಸಬೇಕು.

ನನ್ನ ಎರಡು ತಪ್ಪು

ಹೋದ ವರ್ಷ ಮಿರಗಾ ಮಳೆ ಬಿದ್ದ ಮರುದಿನ ನಸುಕಿನಾಗ ಮೀನು ತತ್ತಿ ಇಟ್ಟವು. ನಾನು ಖುಷಿಯಿಂದ ಸಾಲಿಗೆ ಬಂದೆ. ಸಂಜೆ ಹೋಗಿ ನೋಡಿದರೆ ದಾರ ಖಾಲಿ! ತಾಯಿ-ತಂದಿನ ತಿಂದು ಹಾಕಿದ್ದವು. ತತ್ತಿ ಇಟ್ಟ ಕೂಡಲೆ ದೊಡ್ಡ ಮೀನನ್ನು ಬೇರೆ ಕಡೆ ಬಿಡಬೇಕಿತ್ತು.

ಈ ವರ್ಷ ಶ್ರಾವಣದಾಗ ಹಾಗೇ ಮಾಡಿದೆ. ಸಾಸಿವೆಯಂಥ ತತ್ತಿಗಳು. ಬೆಳ್ಳಗಾದವು ಸತ್ತಂತೆ, ಅವಕ್ಕೆ ಬೂಷ್ಟು ಹಿಡಿಯುತ್ತದೆ. ಉಳಿದವು ಮೂರನೇ ದಿನ ಒಡೆದವು. ಮರಿ ಸೂಜಿಯಷ್ಟು ಸಣ್ಣ. ಮೊದಲ ಎರಡು-ಮೂರು ದಿನ ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಅವುಗಳ ಬುತ್ತಿ. ಆಗ ಏನೂ ಹಾಕಬಾರದು. ಈಜಲು ಶುರು ಮಾಡಿದ ಮೇಲೆ ಊಟ ಕೊಡಬೇಕು.

ಅಲ್ಲಿಯೇ ನಾನು ಎಡವಿದೆ. ಬೇಗ ದೊಡ್ಡವಾಗಲಿ ಎಂದು ಕುದಿಸಿದ ಕೋಳಿ ತತ್ತಿಯ ಇಡೀ ಹಳದಿಯನ್ನು ಕದಡಿ ಟಾಕಿಗೆ ಸುರಿದೆ. ಮರುದಿನ ನೀರು ನಾರುತ್ತಿತ್ತು, ಮರಿಗಳೆಲ್ಲ ಸತ್ತು ತಳದಲ್ಲಿ ಬಿದ್ದಿದ್ದವು. ಹೆಚ್ಚಾದ ಊಟ ಕೊಳೆತು ನೀರಿನ ಆಮ್ಲಜನಕ ತೀರಿತ್ತು. ನಾನು ಅತ್ತೆ.

ಆದರೆ ತಂಗಿ ಆಡಲಿಕ್ಕೆಂದು ಒಂದು ಬಟ್ಟಲು ಮರಿಯನ್ನು ಹಿತ್ತಲ ಹಳೆಯ ಬಾನಿಗೆ ಹಾಕಿದ್ದಳು. ಬಿಸಿಲಿಗೆ ಆ ನೀರು ಹಸಿರಾಗಿತ್ತು. ಅಲ್ಲಿಯ ಮರಿ ಚುರುಕಾಗಿ ಓಡಾಡುತ್ತಿದ್ದವು! ಹಸಿರು ನೀರಿನಲ್ಲಿ ಕಣ್ಣಿಗೆ ಕಾಣದಂಥ ಜೀವಿಗಳು ಇರುತ್ತವೆ, ಅವೇ ಮರಿಯ ಮೊದಲ ಊಟ ಎಂದು ವಿಜ್ಞಾನದ ಅಕ್ಕೋರು ತಿಳಿಸಿದರು.

ಆಮೇಲೆ ಕಡಲೆ ಕಾಳಿನಷ್ಟು ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹನಿ ಹನಿ ಹಾಕಿದೆ. ಮೂರು ವಾರದ ನಂತರ ಶೇಂಗಾ ಹಿಂಡಿ, ತೌಡು ಸಮ ಬೆರೆಸಿ ಪುಡಿ ಮಾಡಿ ಕೊಟ್ಟೆ. ಈಗ 43 ಮರಿ ಉಳಿದಾವ. ಅದರಾಗ ಬಣ್ಣದವು 11, ಉಳಿದವು ಕಪ್ಪು. ತಾಯಿ-ತಂದೆ ಬಣ್ಣದವಿದ್ದರೂ ಎಲ್ಲ ಮರಿಗೆ ಬಣ್ಣ ಬರುವುದಿಲ್ಲ.

ಒಂದು ವಿನಂತಿ

ಮರಿ ಹೆಚ್ಚಾದರೆ ಕೆರೆಗೆ, ನರಗುಂದದ ಕಡೆಯವರು ಮಲಪ್ರಭಾ ಕಾಲುವೆಗೆ ಬಿಡಬೇಡಿರಿ. ಗೆಂಡೆ ತಳದ ಕೆಸರು ಕೆದರಿ ನೀರು ರಾಡಿ ಮಾಡುತ್ತದೆ. ನನ್ನ ಕಪ್ಪು ಮರಿಗಳನ್ನು ಗಜೇಂದ್ರಗಡದ ಹತ್ತಿರ ನಮ್ಮ ಮಾಮಾನ ಕೃಷಿ ಹೊಂಡಕ್ಕೆ ಕೊಡುತ್ತೇನೆ.

ತತ್ತಿ ಇಡಿಸುವುದು ಒಂದು ಮುಂಜಾನೆಯ ಕೆಲಸ. ಮರಿ ಉಳಿಸುವುದು ದಿನಾಲೂ ನೋಡುವ ಕೆಲಸ.

ಪ್ರಶ್ನೆಗಳು
1. ಗೆಂಡೆಯ ತತ್ತಿ ಅಂಟಾಗಿರುವುದರಿಂದ ಏನು ಲಾಭ?
2. ಟಾಕಿಯ ಮರಿ ಸತ್ತು, ಬಾನಿಯ ಮರಿ ಬದುಕಿದ್ದು ಯಾಕೆ?

ಉತ್ತರ ಬರೆದು ಕೊಟ್ಟವರಿಗೆ ಬಣ್ಣದ ಮರಿ ತೋರಿಸುತ್ತೇನೆ.

– 7ನೇ ತರಗತಿ ವಿದ್ಯಾರ್ಥಿ, ರೋಣ ತಾಲೂಕು