ಕಾಣುವ ಬಟ್ಟೆ, ಕಾಯುವ ಬಟ್ಟೆ

ಮಕ್ಕಳೇ, ಪೇಟೆಯ ವೃತ್ತದಲ್ಲಿ ನಿಂತಿರುವ ಸಂಚಾರಿ ಪೊಲೀಸರ ಮೇಲಂಗಿಯನ್ನು ನೀವು ನೋಡಿದ್ದೀರಲ್ಲವೆ? ಹಗಲಿನಲ್ಲಿ ಅದರ ಬೂದುಬಣ್ಣದ ಪಟ್ಟಿಗಳು ಮಂಕಾಗಿ ಕಾಣುತ್ತವೆ. ರಾತ್ರಿ ವಾಹನದ ದೀಪ ಬಿದ್ದೊಡನೆ ಅದೇ ಪಟ್ಟಿಗಳು ಝಗ್ಗನೆ ಹೊಳೆಯುತ್ತವೆ. ನಮ್ಮ ಕಡೆ ಇದನ್ನು ‘ರೇಡಿಯಂ ಪಟ್ಟಿ’ ಎನ್ನುತ್ತಾರೆ. ಬೈಕಿಗೆ, ಟ್ರ್ಯಾಕ್ಟರಿನ ಟ್ರೇಲರಿಗೆ, ಎತ್ತಿನ ಗಾಡಿಗೆ ಇಂಥ ಪಟ್ಟಿ ಅಂಟಿಸಿಕೊಡುವ ಅಂಗಡಿಯೂ ‘ರೇಡಿಯಂ ಅಂಗಡಿ’ಯೇ!

ಆದರೆ ಈ ಪಟ್ಟಿಯಲ್ಲಿ ರೇಡಿಯಂ ಚೂರೂ ಇಲ್ಲ. ರೇಡಿಯಂ ಎಂಬುದು 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರಿ ಕ್ಯೂರಿ ದಂಪತಿ ಕಂಡುಹಿಡಿದ ವಿಕಿರಣಶೀಲ ಧಾತು. ಅದನ್ನು ಬೆರೆಸಿದ ಬಣ್ಣವನ್ನು ಹಿಂದೆ ಗಡಿಯಾರದ ಅಂಕಿಗಳಿಗೆ ಬಳಿಯುತ್ತಿದ್ದರು. ಅಂಕಿಗಳು ಕತ್ತಲಲ್ಲೂ ತಾವಾಗಿಯೇ ಮಿನುಗುತ್ತಿದ್ದವು. ಬಣ್ಣ ಬಳಿಯುವ ಕೆಲಸಗಾರರ ಆರೋಗ್ಯ ಕೆಟ್ಟಾಗ ಅದರ ಅಪಾಯ ತಿಳಿಯಿತು, ಕ್ರಮೇಣ ಬಳಕೆ ನಿಂತಿತು. ಹೆಸರು ಮಾತ್ರ ಕತ್ತಲಲ್ಲಿ ಹೊಳೆಯುವ ಎಲ್ಲಕ್ಕೂ ಅಂಟಿಕೊಂಡುಬಿಟ್ಟಿದೆ.

ಹಾಗಾದರೆ ಪಟ್ಟಿ ಹೊಳೆಯುವುದು ಹೇಗೆ?

ಬೆಳಕು ಬಂದ ದಾರಿಯಲ್ಲೇ ಹಿಂದಕ್ಕೆ

ಪಟ್ಟಿಗೆ ಸ್ವಂತ ಬೆಳಕಿಲ್ಲ. ತನ್ನ ಮೇಲೆ ಬಿದ್ದ ಬೆಳಕನ್ನು ಅದು ಬಂದ ದಿಕ್ಕಿಗೇ ಹಿಂದಿರುಗಿಸುವುದಷ್ಟೇ ಅದರ ಕೆಲಸ. ಕನ್ನಡಿ ಹೀಗೆ ಮಾಡುವುದಿಲ್ಲ. ಓರೆಯಾಗಿ ಬಿದ್ದ ಬೆಳಕನ್ನು ಕನ್ನಡಿ ಇನ್ನೊಂದು ಪಕ್ಕಕ್ಕೆ ಎಸೆಯುತ್ತದೆ. ಸಾಮಾನ್ಯ ಬಟ್ಟೆ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಹಾಗಾಗಿ ಚಾಲಕರ ಕಣ್ಣಿಗೆ ಅದರ ಅಲ್ಪಪಾಲು ಮಾತ್ರ ಮರಳುತ್ತದೆ.

ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೇಲ್ಮೈ ನುಣ್ಣಗಿಲ್ಲದಿರುವುದು ತಿಳಿಯುತ್ತದೆ. ಅಲ್ಲಿರುವುದು ಗಾಜಿನ ಪುಟ್ಟ ಮಣಿಗಳು. ಒಂದೊಂದರ ವ್ಯಾಸ ಸುಮಾರಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ! ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಇಂಥ ಸಾವಿರಾರು ಮಣಿಗಳಿರುತ್ತವೆ. ಬೆಳಕಿನ ಕಿರಣ ಮಣಿಯೊಳಗೆ ಹೋಗುವಾಗ ಬಾಗುತ್ತದೆ (ಇದೇ ವಕ್ರೀಭವನ). ಹಿಂಭಾಗದ ಲೋಹದ ಲೇಪಕ್ಕೆ ಬಡಿದು ಪ್ರತಿಫಲಿಸುತ್ತದೆ. ಹೊರಬರುವಾಗ ಮತ್ತೆ ಬಾಗುತ್ತದೆ. ಮಣಿ ದುಂಡಗಿರುವುದರಿಂದ ಕಿರಣ ಸ್ವಲ್ಪ ಓರೆಯಾಗಿ ಬಂದರೂ ಬಂದ ದಾರಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿಯೇ ಹಿಂದಿರುಗುತ್ತದೆ. ಚಾಲಕರ ಕಣ್ಣು ವಾಹನದ ದೀಪಕ್ಕೆ ಹತ್ತಿರದಲ್ಲಿಯೇ ಇರುವುದರಿಂದ ಆ ಬೆಳಕು ಅವರಿಗೆ ಸಿಗುತ್ತದೆ. ರಾತ್ರಿ ಬೆಕ್ಕಿನ ಕಣ್ಣಿಗೆ ಟಾರ್ಚ್ ಬಿಟ್ಟಾಗ ಹೊಳೆಯುವುದೂ ಸುಮಾರು ಇದೇ ರೀತಿ. ಇಂಗ್ಲೆಂಡಿನ ಪರ್ಸಿ ಶಾ ಎಂಬುವರು ರಸ್ತೆಯಲ್ಲಿ ಹುದುಗಿಸುವ ಹೊಳೆಯುವ ಗುಬುಟಿಗೆ 1934ರಲ್ಲಿ ಪೇಟೆಂಟ್ ಪಡೆದರು. ಅದಕ್ಕೆ ಬಂದ ಹೆಸರೂ ‘ಬೆಕ್ಕಿನ ಕಣ್ಣು’.

ಮಾಡಿ ನೋಡಿ: ಇದಕ್ಕೆ ಏನನ್ನೂ ಕೊಳ್ಳಬೇಕಿಲ್ಲ. ವಾಹನಗಳ ನಂಬರ್ ಪ್ಲೇಟ್ ಕೂಡ ಬೆಳಕನ್ನು ಹೀಗೆಯೇ ಹಿಂದಿರುಗಿಸುತ್ತದೆ. ಮಬ್ಬುಗತ್ತಲಾದಾಗ ಮನೆಯಂಗಳದಲ್ಲಿ ನಿಲ್ಲಿಸಿದ ಬೈಕಿನಿಂದ ಹದಿನೈದು ಹೆಜ್ಜೆ ದೂರ ನಿಲ್ಲಿ. ಟಾರ್ಚನ್ನು ಕೆನ್ನೆಗೆ ಆನಿಸಿ ಹಿಡಿದು ನಂಬರ್ ಪ್ಲೇಟಿನ ಮೇಲೆ ಬೆಳಕು ಬಿಡಿ. ಈಗ ನೀವು ಅಲ್ಲೇ ನಿಂತು, ಟಾರ್ಚನ್ನು ಐದಾರು ಹೆಜ್ಜೆ ಪಕ್ಕದಲ್ಲಿರುವ ಗೆಳೆಯನ ಕೈಗೆ ಕೊಡಿ. ಅದೇ ಪ್ಲೇಟ್, ಅದೇ ಟಾರ್ಚ್. ಹೊಳಪು ಎಲ್ಲಿ ಹೋಯಿತು? ಗೆಳೆಯನನ್ನು ಕೇಳಿ: ಈಗ ಅವನಿಗೆ ಅದು ಹೊಳೆಯುತ್ತಿರುತ್ತದೆ! (ರಸ್ತೆಯಲ್ಲಿ ಈ ಪ್ರಯೋಗ ಬೇಡ. ಯಾರ ಕಣ್ಣಿಗೂ ಟಾರ್ಚ್ ಬಿಡಬೇಡಿ.)

ಎರಡು ಸೆಕೆಂಡೋ, ಹತ್ತು ಸೆಕೆಂಡೋ

ಇದರಿಂದ ಬೈಕಿನಲ್ಲಿ ಕೂತವರಿಗೆ ಏನು ಲಾಭ? ಒಂದು ಲೆಕ್ಕ ಮಾಡೋಣ. ಗಂಟೆಗೆ 54 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 15 ಮೀಟರ್ ಸಾಗುತ್ತದೆ. ರಾತ್ರಿ ಹಳ್ಳಿಯ ದಾರಿಯಲ್ಲಿ ನಿಮ್ಮ ಬೈಕು ಕೆಟ್ಟು ನಿಂತಿದೆ, ದೀಪ ಆರಿದೆ ಎಂದುಕೊಳ್ಳಿ. ಹಿಂದಿನಿಂದ ಬರುವ ಕಾರಿನ ಚಾಲಕರಿಗೆ ಕಪ್ಪು ಬಟ್ಟೆಯ ನೀವು 30 ಮೀಟರ್ ದೂರದಲ್ಲಿ ಕಂಡರೆ ಅವರಿಗೆ ಸಿಗುವುದು ಎರಡೇ ಸೆಕೆಂಡು. ಕಂಡದ್ದು ಮನುಷ್ಯ ಎಂದು ತಿಳಿದು ಬ್ರೇಕ್ ಒತ್ತಲು ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ 15 ಮೀಟರ್ ಕಳೆಯಿತು. ಬ್ರೇಕ್ ಒತ್ತಿದ ಮೇಲೂ ಒಣ ರಸ್ತೆಯಲ್ಲಿ ಕಾರು ನಿಲ್ಲಲು ಸುಮಾರು 20 ಮೀಟರ್ ಬೇಕು. ಒಟ್ಟು 35 ಮೀಟರ್ ಆಯಿತು. ಇದ್ದದ್ದು 30 ಮೀಟರ್. ಮಳೆಯಲ್ಲಿ, ಅಥವಾ ಕಾರಿನ ಬದಲು ಹೊರೆ ತುಂಬಿದ ಲಾರಿಯಾದರೆ, ಲೆಕ್ಕ ಇನ್ನೂ ಕೆಡುತ್ತದೆ. ಹೊಳೆಯುವ ಪಟ್ಟಿ 150 ಮೀಟರ್ ದೂರದಿಂದಲೇ ಕಂಡಿತು ಎಂದುಕೊಂಡರೆ? 10 ಸೆಕೆಂಡು ಸಿಕ್ಕಿತು. ಚಾಲಕರು ಆರಾಮವಾಗಿ ವೇಗ ತಗ್ಗಿಸಬಹುದು.

ಇಲ್ಲಿ ದೊಡ್ಡವರೂ ಮರೆಯುವ ಒಂದು ವಿಷಯವಿದೆ. ಅಪ್ಪನ ಜಾಕೆಟ್ಟಿನ ಬೆನ್ನಿಗೆ ಅಗಲವಾದ ಪಟ್ಟಿ ಇರಬಹುದು. ಆದರೆ ಹಿಂದೆ ಕೂತವರು ನೀವು! ಹಿಂದಿನ ವಾಹನದವರಿಗೆ ಆ ಪಟ್ಟಿ ಕಾಣುವುದಿಲ್ಲ, ಕಾಣುವುದು ನಿಮ್ಮ ಶಾಲಾಚೀಲ. ಆದ್ದರಿಂದ ಪಟ್ಟಿ ಇರಬೇಕಾದದ್ದು ಚೀಲದ ಹಿಂಬದಿಯಲ್ಲಿ. ಮಳೆಗಾಲದಲ್ಲೂ ಇದೇ ಕಥೆ: ಹೊಳೆಯುವ ಜಾಕೆಟ್ಟಿನ ಮೇಲೆ ಕಪ್ಪು ರೇನ್‌ಕೋಟ್ ತೊಟ್ಟರೆ ಒಳಗಿನ ಜಾಕೆಟ್ ಇದ್ದೂ ಇಲ್ಲದಂತೆ. ರೇನ್‌ಕೋಟನ್ನೇ ತಿಳಿಬಣ್ಣದ್ದು, ಪಟ್ಟಿ ಇರುವಂಥದ್ದು ಆರಿಸುವುದು ಜಾಣತನ. ಪಟ್ಟಿಗೆ ಕೆಸರು ಮೆತ್ತಿದ್ದರೆ ಒರೆಸಬೇಕು. ಕೆಸರಿನಡಿಯ ಮಣಿಗೆ ಬೆಳಕೇ ತಲುಪುವುದಿಲ್ಲ.

ಹಗಲಿಗೆ ಬೇರೆ ಉಪಾಯ

ಪೊಲೀಸರ ಮೇಲಂಗಿಯ ಕಣ್ಣು ಕುಕ್ಕುವ ಹಳದಿಹಸಿರು ಬಣ್ಣ ಇನ್ನೊಂದು ಬಗೆಯದು. ಸೂರ್ಯನ ಬೆಳಕಿನಲ್ಲಿ ನಮಗೆ ಕಾಣದ ಅತಿನೇರಳೆ ಕಿರಣಗಳೂ ಇವೆ. ಈ ಬಣ್ಣದ ಕಣಗಳು ಅತಿನೇರಳೆ, ನೇರಳೆ ಮತ್ತು ನೀಲಿ ಕಿರಣಗಳನ್ನು ಹೀರಿ, ಆ ಶಕ್ತಿಯನ್ನು ಹಳದಿಹಸಿರು ಬೆಳಕಾಗಿ ಹೊರಬಿಡುತ್ತವೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಸಾಮಾನ್ಯ ಹಳದಿ ಬಟ್ಟೆ ತನ್ನ ಮೇಲೆ ಬಿದ್ದ ಹಳದಿ ಬೆಳಕಿಗಿಂತ ಹೆಚ್ಚನ್ನು ಕೊಡಲಾರದು. ಪ್ರತಿದೀಪ್ತ ಬಟ್ಟೆ ಬೇರೆ ಕಿರಣಗಳನ್ನೂ ಹಳದಿಗೆ ಬದಲಾಯಿಸಿ ಸೇರಿಸುತ್ತದೆ, ಅದಕ್ಕೇ ಬಟ್ಟೆ ಉರಿಯುತ್ತಿರುವಂತೆ ಕಾಣುತ್ತದೆ. ನಮ್ಮ ಕಣ್ಣು ಹಗಲಿನಲ್ಲಿ ಅತಿಸುಲಭವಾಗಿ ಗ್ರಹಿಸುವುದೂ ಈ ಹಳದಿಹಸಿರನ್ನೇ. ಮೋಡ ಕವಿದ ದಿನ, ಮುಸ್ಸಂಜೆಯಲ್ಲಿ ಇದು ಬಹಳ ಉಪಯುಕ್ತ.

ಆದರೆ ರಾತ್ರಿ? ವಾಹನದ ದೀಪದಲ್ಲಿ ಅತಿನೇರಳೆ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಈ ಬಣ್ಣ ರಾತ್ರಿಯಲ್ಲಿ ಬರೀ ತಿಳಿಹಳದಿ ಬಟ್ಟೆಯಷ್ಟೇ. ಬಣ್ಣ ಹಗಲಿಗೆ, ಪಟ್ಟಿ ಇರುಳಿಗೆ. ಅಂಗಡಿಯಲ್ಲಿ ಬಣ್ಣ ನೋಡಿ ಮರುಳಾಗಿ ಪಟ್ಟಿಯಿಲ್ಲದ ಜಾಕೆಟ್ ತಂದರೆ ಅರ್ಧ ಕೆಲಸ ಮಾತ್ರ ಆಯಿತು.

ಹಿನ್ನೆಲೆಯನ್ನೂ ಯೋಚಿಸಬೇಕು. ನಾಟಿಯಾದ ಗದ್ದೆಯ ಪಕ್ಕ ಹಳದಿಹಸಿರು ಅಂಗಿ ಹಸಿರಿನಲ್ಲಿ ಕರಗಿಹೋಗಬಹುದು. ಅಲ್ಲಿ ಉಜ್ವಲ ಕಿತ್ತಳೆ ಎದ್ದು ಕಾಣುತ್ತದೆ. ಕೆಮ್ಮಣ್ಣಿನ ದಾರಿಯಲ್ಲಿ ಹಳದಿಹಸಿರೇ ವಾಸಿ.

ಇದೆಲ್ಲ ನಿಜವಾಗಿಯೂ ಅಪಘಾತ ತಪ್ಪಿಸುತ್ತದೆಯೆ? ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದ ಬೈಕ್ ಸವಾರರ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಪ್ರತಿದೀಪ್ತ ಅಥವಾ ಪ್ರತಿಫಲಿಸುವ ಉಡುಪು ತೊಟ್ಟವರಿಗೆ ಗಾಯವಾಗುವ ಅಪಘಾತದ ಸಂಭವ ಸುಮಾರು ಶೇಕಡ 37ರಷ್ಟು ಕಡಿಮೆ ಎಂದು ಅದರಲ್ಲಿ ಕಂಡುಬಂತು. ಕಪ್ಪು ಹೆಲ್ಮೆಟ್ಟಿಗಿಂತ ಬಿಳಿ ಹೆಲ್ಮೆಟ್ ಧರಿಸಿದವರಿಗೂ ಸಂಭವ ಕಡಿಮೆಯಿತ್ತು. ನಮ್ಮಲ್ಲಿ ಕಪ್ಪು ಹೆಲ್ಮೆಟ್ಟಿಗೇ ಬೇಡಿಕೆ ಹೆಚ್ಚು, ಏನು ಮಾಡುವುದು! ಹಗಲಿನಲ್ಲೂ ದೀಪ ಉರಿಸಿದವರ ಸಂಭವ ಸಹ ತಗ್ಗಿತ್ತು. ಭಾರತದಲ್ಲಿ 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ದೀಪ ಎಂಜಿನ್ ಚಾಲೂ ಆದೊಡನೆ ತಾನೇ ಹೊತ್ತಿಕೊಳ್ಳುವುದು ಇದಕ್ಕಾಗಿಯೇ. “ನಿಮ್ಮ ಲೈಟ್ ಉರೀತಿದೆ” ಎಂದು ಎದುರಿನವರು ಕೈಸನ್ನೆ ಮಾಡಿದರೆ ಈಗ ನೀವು ಕಾರಣ ಹೇಳಬಹುದು.

ಬಿದ್ದರೆ ಕಾಯುವುದು

ಕಂಡರೂ ಕೆಲವೊಮ್ಮೆ ಬೀಳುವುದುಂಟು: ಮರಳಿನ ಮೇಲೆ ಚಕ್ರ ಜಾರಬಹುದು, ನಾಯಿ ಅಡ್ಡ ಬರಬಹುದು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ತಲೆ ಮರಕ್ಕೆ ಬಡಿದರೆ ಅದು 5 ಮೀಟರ್ ಎತ್ತರದಿಂದ ಬಿದ್ದ ಹೊಡೆತಕ್ಕೆ ಸಮ. ಆದ್ದರಿಂದ ಮನೆಯಲ್ಲಿ ಹಣ ಒಂದಕ್ಕೇ ಸಾಲುವುದಾದರೆ ಮೊದಲು ಹೆಲ್ಮೆಟ್, ಆಮೇಲೆ ಉಳಿದದ್ದು.

ವೇಗವಾಗಿ ಬಂದ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲ, ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ಮಾಡುವುದೂ ಅದನ್ನೇ. ತಾನು ನಜ್ಜುಗುಜ್ಜಾಗುತ್ತ ತಲೆಗೆ ನಿಲ್ಲಲು ಇನ್ನಷ್ಟು ಹೊತ್ತು ಕೊಡುತ್ತದೆ, ಹೊಡೆತದ ಬಲ ತಗ್ಗುತ್ತದೆ. ಒಳಗೆ ಆ ಪದರವಿಲ್ಲದ ಟೋಪಿಯಂಥ ಪ್ಲಾಸ್ಟಿಕ್ ಚಿಪ್ಪು ದಂಡ ತಪ್ಪಿಸಲು ತೊಡುವ ವೇಷ, ಅಷ್ಟೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಾಯಿಸಬೇಕು. ನಜ್ಜಾದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ.

1935ರಲ್ಲಿ ಇಂಗ್ಲೆಂಡಿನಲ್ಲಿ ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾಗಿದ್ದ ಟಿ. ಇ. ಲಾರೆನ್ಸ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಸೈಕಲ್ಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಅವರು ಬಿದ್ದಿದ್ದರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳು ಶಸ್ತ್ರಚಿಕಿತ್ಸಕರೂ ಇದ್ದರು. ಕೇರ್ನ್ಸ್ ಮುಂದೆ ಸವಾರರ ತಲೆಯ ಗಾಯಗಳನ್ನು ವರ್ಷಗಟ್ಟಲೆ ಅಭ್ಯಸಿಸಿ 1941ರಲ್ಲಿ ವರದಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ನಮ್ಮ ದೇಶದಲ್ಲಿ 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಬೇಕೆನ್ನುತ್ತದೆ (ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿಯಿದೆ). ಅಂದರೆ ಹಿಂದೆ ಕೂರುವ ನಿಮಗೂ ಬೇಕು. ಅಪ್ಪನ ಹಳೆಯ ಹೆಲ್ಮೆಟ್ ನಿಮ್ಮ ತಲೆಗೆ ದೊಡ್ಡದು, ಬಿದ್ದಾಗ ಅದು ಕಳಚಿ ಹೋಗಬಹುದು. ಐಎಸ್ಐ ಗುರುತಿರುವ, ತಲೆ ಅಲ್ಲಾಡಿಸಿದರೂ ಜರುಗದ ಅಳತೆಯದನ್ನು ಆರಿಸಿ, ಗಲ್ಲದ ಪಟ್ಟಿ ಬಿಗಿಯಿರಿ.

ಉಳಿದ ಮೈಗೆ? ಬಿದ್ದವರು ರಸ್ತೆಯ ಮೇಲೆ ಹಲವು ಮೀಟರ್ ಉಜ್ಜಿಕೊಂಡು ಹೋಗುತ್ತಾರೆ. ದಪ್ಪ ಚರ್ಮದ ಅಂಗಿ ಈ ಘರ್ಷಣೆಯನ್ನು ಚೆನ್ನಾಗಿ ತಾಳುತ್ತದೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಅದನ್ನು ತೊಡುವವರು ಯಾರು? ಗಾಳಿಯಾಡುವ ಬಲೆಯ ಬಟ್ಟೆಗೆ ಭುಜ, ಮೊಣಕೈಗಳಲ್ಲಿ ಮೆತ್ತೆ ಇಟ್ಟು ಹೊಲಿದ ಜಾಕೆಟ್‌ಗಳಿವೆ, ಬೆಲೆ ಮಾತ್ರ ಸಾವಿರಗಳಲ್ಲಿ. ಅದು ಆಗದಿದ್ದರೆ ತುಂಬುತೋಳಿನ ದಪ್ಪ ಹತ್ತಿಯ ಅಂಗಿ, ಜೀನ್ಸ್, ಚಪ್ಪಲಿಯ ಬದಲು ಶೂ ತೊಟ್ಟರೂ ಏನೂ ಇಲ್ಲದ್ದಕ್ಕಿಂತ ಮೇಲು. ತೆಳುವಾದ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಉಜ್ಜಿದ ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟಬಹುದು. ಜೋತಾಡುವ ದುಪಟ್ಟಾ, ಸೆರಗು, ಪಂಚೆಯ ತುದಿ ಚಕ್ರಕ್ಕೆ ಸಿಗದಂತೆ ಸಿಕ್ಕಿಸಿಕೊಂಡೇ ಬೈಕ್ ಏರಬೇಕು.

ಮಾಡಿ ನೋಡಿ: ದರ್ಜಿಯವರ ಅಂಗಡಿಯಿಂದ ಹತ್ತಿ, ಜೀನ್ಸ್, ಪಾಲಿಯೆಸ್ಟರ್ ಚೂರುಗಳನ್ನು ತನ್ನಿ. ಹಳೆಯ ಚರ್ಮದ ಚೀಲದ ತುಂಡು ಸಿಕ್ಕರೆ ಅದೂ ಇರಲಿ. ಒಂದೊಂದನ್ನೂ ಹಲಗೆಗೆ ಬಿಗಿಯಾಗಿ ಕಟ್ಟಿ, ಬಡಗಿಯವರು ಬಳಸುವ ಮರಳು ಕಾಗದದಿಂದ ಒಂದೇ ಸಮನೆ ಉಜ್ಜಿ. ಪ್ರತಿ ಬಟ್ಟೆಗೂ ಹೊಸ ಕಾಗದದ ತುಂಡು ಬಳಸಿ, ಒಬ್ಬರೇ ಉಜ್ಜಿ. ಎಷ್ಟನೇ ಉಜ್ಜಿಗೆ ತೂತು ಬಿತ್ತು ಎಂದು ಎಣಿಸಿ ಬರೆದಿಡಿ. ಒಂದೇ ಬಟ್ಟೆಯನ್ನು ಎರಡು ಪದರ ಮಾಡಿದರೆ ಎಣಿಕೆ ಎರಡರಷ್ಟಾಗುತ್ತದೆಯೋ, ಇನ್ನೂ ಹೆಚ್ಚುತ್ತದೆಯೋ?