ಎಂಜಿನ್ ನಿಂತ ಮೇಲೆ

ಹೆಬ್ಬಾಳವನ್ನು ದಾಟಿ ಯಲಹಂಕದತ್ತ ಸಾಗುವಾಗ ಬಲಗಡೆಗೆ ಜಕ್ಕೂರು ವಿಮಾನನಿಲ್ದಾಣ ದೊರೆಯುತ್ತದೆ. ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರು ನೀಡಿದ ಭೂಮಿಯಲ್ಲಿ 1940ರ ದಶಕದ ಕೊನೆಯಲ್ಲಿ ಇಲ್ಲಿ ಸರ್ಕಾರಿ ವಿಮಾನಯಾನ ತರಬೇತಿ ಶಾಲೆ ಆರಂಭವಾಯಿತು. ಇಲ್ಲಿಂದೇಳುವ ಒಂಟಿ ಎಂಜಿನ್ನಿನ ಪುಟ್ಟ ವಿಮಾನವನ್ನು ಕಂಡ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಎಂಜಿನ್ ನಿಂತರೆ ಅದು ಕಲ್ಲಿನಂತೆ ಬೀಳುವುದಲ್ಲವೇ, ಮೇಷ್ಟ್ರೇ?”

ಬೀಳುವುದಿಲ್ಲ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ಎಂಜಿನ್ ಅದಕ್ಕೆ ಬೇಕಾದ ವೇಗವನ್ನು ಒದಗಿಸುತ್ತದೆ. ಎಂಜಿನ್ ನಿಂತಾಗ ಆ ವೇಗದ ಬೆಲೆಯನ್ನು ಎತ್ತರದಿಂದ ತೆರಬೇಕಾಗುತ್ತದೆ. ಇಳಿಜಾರಿನಲ್ಲಿ ತುಳಿಯದೆಯೇ ಓಡುವ ಸೈಕಲ್ಲನ್ನು ನೆನೆಯಿರಿ. ಸೆಸ್ನಾ 172 ಎಂಬ ವಿಮಾನವು ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ತೇಲುತ್ತ, ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು 9 ಮೀಟರ್ ಮುಂದೆ ಸಾಗಬಲ್ಲದು. 1000 ಅಡಿ ಎತ್ತರದಲ್ಲಿದ್ದರೆ ಚಾಲಕನಿಗೆ ಎರಡೂವರೆ ಕಿಲೋಮೀಟರಿಗೂ ಮಿಕ್ಕ ದೂರ, ಸುಮಾರು 80 ಸೆಕೆಂಡು ಕಾಲ ಉಂಟು.

ಎಂಜಿನ್ ಏಕೆ ಸೋಲುತ್ತದೆ? ಇಂಧನ ತೀರುವುದು, ಅದರಲ್ಲಿ ನೀರು ಸೇರುವುದು ಇವು ಯಾರಿಗೂ ತಿಳಿಯುವ ಕಾರಣಗಳು. ತೊಟ್ಟಿಯ ತಳದಿಂದ ಇಂಧನವನ್ನು ಗಾಜಿನ ಬಟ್ಟಲಿಗೆ ಬಸಿದು ನೋಡದೆ ಹಾರಲು ಹೊರಡುವವನು ವೈಮಾನಿಕನೇ ಅಲ್ಲ. ಆದರೆ ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟುವುದೆಂದರೆ ಹುಡುಗರು ನಗುತ್ತಾರೆ. ಬೆಂಗಳೂರಿನಲ್ಲಿ ಮಂಜುಗಡ್ಡೆಯೇ ಎಂದು! ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಇಕ್ಕಟ್ಟಾದ ಕೊಳವೆಯಲ್ಲಿ ಒತ್ತಡವೂ ತಗ್ಗುತ್ತದೆ. ಹೀಗೆ ಒಳಗಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕುಸಿಯಬಹುದು. ಹೊರಗೆ 20 ಡಿಗ್ರಿಯಿದ್ದು ಗಾಳಿ ತೇವವಾಗಿದ್ದರೆ, ಅಂದರೆ ನಮ್ಮ ಆಷಾಢದ ಮುಂಜಾವಿನಂತಿದ್ದರೆ, ಗಡ್ಡೆ ಕಟ್ಟಲು ಅದಕ್ಕಿಂತ ಅನುಕೂಲವಾದ ಹವೆ ಬೇಕಿಲ್ಲ. ಎಂಜಿನ್ನಿನ ಸದ್ದು ಮೆಲ್ಲನೆ ಕುಗ್ಗುತ್ತದೆ. ಬಿಸಿಗಾಳಿಯ ಹಿಡಿಯನ್ನು ಸಕಾಲದಲ್ಲಿ ಎಳೆದರೆ ಗಡ್ಡೆ ಕರಗಿ ಶಕ್ತಿ ಮರಳುತ್ತದೆ. ಮೊದಲ ಕೆಲವು ಕ್ಷಣ ಎಂಜಿನ್ ಇನ್ನಷ್ಟು ಕೆಮ್ಮುವುದರಿಂದ ಹೊಸಬರು ಗಾಬರಿಗೊಂಡು ಹಿಡಿಯನ್ನು ಹಿಂದಕ್ಕೆ ತಳ್ಳಿಬಿಡುವುದುಂಟು.

ನಮ್ಮ ನಗರದ ಎತ್ತರವೂ ಒಂದು ತೊಡಕು. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿರುವ ಇಲ್ಲಿ ಗಾಳಿ ತೆಳು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ನಿರ್ಮಿಸಿ 1958ರಲ್ಲಿ ಮೊದಲು ಹಾರಿಸಿದ ‘ಪುಷ್ಪಕ’ಕ್ಕೆ ಇದ್ದುದು 90 ಅಶ್ವಶಕ್ತಿ, ಅದರಲ್ಲೂ ಸರಿಸುಮಾರು ಹತ್ತನೆಯ ಒಂದು ಪಾಲು ಇಲ್ಲಿ ದಕ್ಕುತ್ತಿರಲಿಲ್ಲ.

ಅತ್ಯಂತ ಅಪಾಯದ ಗಳಿಗೆ ನೆಲ ಬಿಟ್ಟ ಕೂಡಲೇ ಒದಗುವುದು. ಮುನ್ನೂರು ಅಡಿಯಲ್ಲಿ ಎಂಜಿನ್ ನಿಂತರೆ ಮನಸ್ಸು ಹಿಂದಿನ ಓಡುಪಥವನ್ನೇ ಬಯಸುತ್ತದೆ. ಆದರೆ ತಿರುವಿನಲ್ಲಿ ರೆಕ್ಕೆಯ ಮೇಲೆ ಭಾರ ಏರುತ್ತದೆ: 45 ಡಿಗ್ರಿ ವಾಲಿಸಿ ಎತ್ತರ ಕಾಯಲೆಳಸಿದರೆ, ರೆಕ್ಕೆ ಕೈಕೊಡುವ ವೇಗವು ನೂರಕ್ಕೆ 19ರಷ್ಟು ಮೇಲೇರುತ್ತದೆ. ಹಿಂದಿರುಗಲು ಹೋಗಿ ಸತ್ತವರು ಲೋಕದಲ್ಲಿ ಹಲವರು. ಆದ್ದರಿಂದಲೇ ಮೂತಿಯನ್ನು ತಗ್ಗಿಸಿ, ವೇಗ ಕಾಯ್ದು, ಮುಂದೆ ಸಿಕ್ಕ ಬಯಲಿಗೆ ಇಳಿ ಎಂದು ಗುರುಗಳು ಕಲಿಸುತ್ತಾರೆ. ಹೊಲವಾದರೆ ಉತ್ತ ಸಾಲಿನ ಗುಂಟ, ಗಾಳಿಗೆ ಎದುರಾಗಿ. ವಿದ್ಯುತ್ ತಂತಿ ಮೇಲಿನಿಂದ ಕಾಣದು, ಕಂಬಗಳನ್ನು ಹುಡುಕಬೇಕು. ವೇಗ ಅರ್ಧವಾದರೆ ಚಲನಶಕ್ತಿ ಕಾಲುಭಾಗವಾಗುವುದೆಂಬ ನಿಮ್ಮ ಪಠ್ಯದ ಸೂತ್ರ ಇಲ್ಲಿ ಪ್ರಾಣದ ಲೆಕ್ಕ.

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದೇರಿದ ತರಬೇತಿ ವಿಮಾನವೊಂದು ತಾಂತ್ರಿಕ ದೋಷಕ್ಕೊಳಗಾಗಿ ಹೊನ್ನಿಹಾಳದ ಬಳಿ ಹೊಲಕ್ಕೆ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಹೊಲವಿತ್ತು, ಇಳಿದರು.

ಜಕ್ಕೂರಿನ ಸುತ್ತಲೂ ಹಿಂದೆ ರಾಗಿಯ ಹೊಲಗಳಿದ್ದುವು. ಇಂದು ಪಶ್ಚಿಮಕ್ಕೆ ಬಳ್ಳಾರಿ ರಸ್ತೆಯ ಮೇಲ್ಸೇತುವೆ, ಉಳಿದ ದಿಕ್ಕುಗಳಲ್ಲಿ ಬಹುಮಹಡಿ ಮನೆಗಳು. ಅಲ್ಲಿಂದೇರುವ ವೈಮಾನಿಕನಿಗೆ ಸಮೀಪದಲ್ಲಿ ಬಯಲಾಗಿ ತೋರುವುದರಲ್ಲಿ ಜಕ್ಕೂರು ಕೆರೆ, ರಾಚೇನಹಳ್ಳಿ ಕೆರೆಗಳ ನೀರೂ ಸೇರಿದೆ.