ಬಸ್ಸಿನ ಖಾಲಿ ಸೀಟಿನ ಲೆಕ್ಕ

ಒಂದು ಲೀಟರ್ ಡೀಸೆಲ್ ಸುಮಾರು 0.83 ಕೆಜಿ ತೂಗುತ್ತೆ. ಆದರೆ ಉರಿದಾಗ ಸುಮಾರು 2.6 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತೆ! ಹೇಗೆ? ಅದರಲ್ಲಿರೋ ಪ್ರತಿ 12 ಗ್ರಾಂ ಇಂಗಾಲ ಗಾಳಿಯಿಂದ 32 ಗ್ರಾಂ ಆಮ್ಲಜನಕ ಸೇರಿಸಿಕೊಂಡು 44 ಗ್ರಾಂ ಆಗುತ್ತೆ.

ಈಗ ಘಟಪ್ರಭಾ ದಂಡೆಯ ಅನಗವಾಡಿಯಿಂದ ಬಾಗಲಕೋಟೆಗೆ ಹೋಗೋ ಬಸ್ ತಗೊಳ್ಳೋಣ. ಲೆಕ್ಕ ಸುಲಭ ಆಗಲಿ ಅಂತ ದೂರ 20 ಕಿ.ಮೀ., ಮೈಲೇಜ್ 5 ಅಂತ ಇಟ್ಕೊಳ್ಳಿ. 4 ಲೀಟರ್ ಡೀಸೆಲ್, 10.4 ಕೆಜಿ. ಬಸ್ಸಲ್ಲಿ 50 ಜನ ಇದ್ದರೆ ತಲೆಗೆ 208 ಗ್ರಾಂ.

ಅದೇ ದೂರ ಬೈಕಲ್ಲಿ ಒಬ್ಬರೇ ಹೋದರೆ? ಮೈಲೇಜ್ 50 ಅಂದ್ಕೊಂಡರೆ 0.4 ಲೀಟರ್ ಪೆಟ್ರೋಲ್. ಲೀಟರಿಗೆ 2.3 ಕೆಜಿಯಂತೆ 920 ಗ್ರಾಂ.

ಆದರೆ ಬಸ್ಸಲ್ಲಿ 10 ಜನ ಮಾತ್ರ ಇದ್ದರೆ ತಲೆಗೆ 1,040 ಗ್ರಾಂ. ಬಸ್ಸೇ ಸೋಲುತ್ತೆ! ಗೆಲ್ಲೋಕೆ ಕನಿಷ್ಠ 12 ಜನ ಬೇಕು.

ಹಾಗಾಗಿ ಎಂಜಿನ್ ಬದಲಿಸೋದಷ್ಟೇ ಪರಿಹಾರ ಅಲ್ಲ, ಸೀಟು ತುಂಬಿಸೋದೂ ಪರಿಹಾರ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯನ್ನೂ, ಕಾಲೇಜು ಸಮಯಕ್ಕೆ ಸರಿಯಾಗಿ ಬಸ್ ಬಿಡೋದನ್ನೂ ಈ ಕಣ್ಣಿಂದ ನೋಡಬಹುದು.

ಖಾಲಿ ಬಸ್ಸಾದರೂ ಅದು ಹೇಗೂ ಓಡುತ್ತೆ. ನಾವು ಹತ್ತಿದರೆ ಅದರ ಹೊಗೆ ಹೆಚ್ಚೋದು ಅತ್ಯಲ್ಪ. ಬೈಕಿನ 920 ಗ್ರಾಂ ಮಾತ್ರ ಹೆಚ್ಚುಕಮ್ಮಿ ಪೂರ್ತಿ ಉಳಿಯುತ್ತೆ.